ಕಿವಿಗೊಟ್ಟು ನೋಡಿದ ಆರು ಕೊರಿಯನ್ ಸಿನಿಮಾ

ಕೊರಿಯನ್ ಸಿನಿಮಾ ನೋಡಿ ನಾವು ಬರೆದಿಡುವ ಅನಿಸಿಕೆಯಲ್ಲಿ ಒಂದು ಪಾಲು ಸಿನಿಮಾದ್ದು, ಇನ್ನೊಂದು ಪಾಲು ಇಂಗ್ಲಿಷ್ ಸಬ್‌ಟೈಟಲಿನದು. ಎರಡನ್ನೂ ಬೇರ್ಪಡಿಸದೆ ಬರೆದ ಟಿಪ್ಪಣಿಯನ್ನು ಎರಡನೇ ಸಲ ಸಿನಿಮಾ ನೋಡಿದ ಮೇಲೆ ಓದಿದರೆ ಅದರಲ್ಲಿ ಎಷ್ಟೋ ಮಾತು ನಿಲ್ಲುವುದಿಲ್ಲ. ಕನ್ನಡ ಮಾತಾಡುವವರಿಗೆ ಇಲ್ಲೊಂದು ಅನುಕೂಲವಿದೆ. ಕೊರಿಯನ್ ವಾಕ್ಯದ ನಡಿಗೆ ಇಂಗ್ಲಿಷಿಗಿಂತ ಕನ್ನಡಕ್ಕೆ ಎಷ್ಟೋ ಹತ್ತಿರ. ಆ ಅನುಕೂಲವನ್ನು ಬಳಸಿಕೊಂಡು ಇತ್ತೀಚೆಗೆ ಆರು ಸಿನಿಮಾ ನೋಡಿದೆ. ನೋಡಿದ ಕ್ರಮ, ಎಡವಿದ ಜಾಗ, ಕೊನೆಗೆ ಉಳಿದ ಅಭಿಪ್ರಾಯ ಇವಿಷ್ಟು ಇಲ್ಲಿವೆ. ಕಥೆಯ ತಿರುವುಗಳೂ ಬರುತ್ತವೆ, ಇನ್ನೂ ನೋಡಿರದ ಸಿನಿಮಾದ ಭಾಗವನ್ನು ದಾಟಿಕೊಂಡು ಓದಿ.

ಮೊದಲು ಪರದೆ. ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇರುತ್ತದೆ, ಒಂದೊಂದು ಕಂಪನಿ ಅದನ್ನು ಒಂದೊಂದು ಹೆಸರಿನಿಂದ ಕರೆಯುತ್ತದೆ. ಅದನ್ನು ಆರಿಸಬೇಕು. ಸೆಕೆಂಡಿಗೆ 24 ಚೌಕಟ್ಟಿನಲ್ಲಿ ತೆಗೆದ ಚಿತ್ರಕ್ಕೆ ಅದು ನಡುವೆ ಹುಸಿ ಚೌಕಟ್ಟುಗಳನ್ನು ಸೇರಿಸಿ ಧಾರಾವಾಹಿಯ ಹಾಗೆ ಕಾಣಿಸುತ್ತದೆ. ಮೊಬೈಲಿನಲ್ಲಿ ನೋಡುವವರು ಎರಡು ಬೆರಳಿನಿಂದ ಹಿಗ್ಗಿಸಿ ಪರದೆ ತುಂಬಿಸಬಾರದು. ‘ಪ್ಯಾರಸೈಟ್’ ಚಿತ್ರದ ಅಗಲ ಎತ್ತರದ 2.39 ಪಟ್ಟು. ಅದನ್ನು 16:9 ಪರದೆ ತುಂಬುವಂತೆ ಹಿಗ್ಗಿಸಿದರೆ ಅಗಲದಲ್ಲಿ ಸುಮಾರು ಕಾಲು ಭಾಗ ಹೊರಗೆ ಹೋಗುತ್ತದೆ. ಆ ಚಿತ್ರದಲ್ಲಿ ಬಾಗಿಲ ಸಂದಿಯಲ್ಲಿ, ಮೇಜಿನ ಕೆಳಗೆ, ಚೌಕಟ್ಟಿನ ಅಂಚಿನಲ್ಲಿ ಇರುವವರೇ ಕಥೆ. ಅಂಚನ್ನು ಕತ್ತರಿಸಿದರೆ ಉಳಿಯುವುದು ಕಡಿಮೆ.

ಧ್ವನಿ ಮೂಲ ಕೊರಿಯನ್ನಿನಲ್ಲೇ ಇರಲಿ. ಹಿಂದಿ, ಇಂಗ್ಲಿಷ್ ಡಬ್ಬಿಂಗ್ ತಾನಾಗಿ ಶುರುವಾಗುವುದುಂಟು, ಬದಲಿಸಿ. ಮಾತು ಮೆಲ್ಲಗೆ, ಸಂಗೀತ ಜೋರಾಗಿ ಕೇಳುತ್ತಿದ್ದರೆ ಹೆಚ್ಚಿನ ಸಲ ಕಾರಣ ಇಷ್ಟೇ: ಆರು ಸ್ಪೀಕರಿಗೆಂದು ಮಾಡಿದ 5.1 ಧ್ವನಿ ಎರಡೇ ಸ್ಪೀಕರಿನ ಟಿವಿಗೆ ಬರುತ್ತಿದೆ. ಸ್ಟೀರಿಯೋ ಆಯ್ಕೆ ಇದ್ದರೆ ಅದನ್ನು ಹಾಕಿ. ಡಿಸ್ಕಿನಿಂದ ಕಂಪ್ಯೂಟರಿನಲ್ಲಿ ನೋಡುವಾಗ ಸಬ್‌ಟೈಟಲ್ ಹಿಂದೆ ಮುಂದೆ ಆದರೆ ವಿಎಲ್‌ಸಿ ಪ್ಲೇಯರಿನಲ್ಲಿ ಜಿ ಮತ್ತು ಎಚ್ ಕೀಲಿಗಳು ಅದನ್ನು 50 ಮಿಲಿಸೆಕೆಂಡಿನ ಹೆಜ್ಜೆಯಲ್ಲಿ ಸರಿಸುತ್ತವೆ. ಶುರುವಿನಲ್ಲಿ ಸರಿ ಇದ್ದು ಹೋಗ್ತಾ ಹೋಗ್ತಾ ತಪ್ಪಿದರೆ ಈ ಕೀಲಿಗಳಿಂದ ಪ್ರಯೋಜನವಿಲ್ಲ. ಅಲ್ಲಿ ಚೌಕಟ್ಟಿನ ವೇಗವೇ ಬೇರೆ. ಸೆಕೆಂಡಿಗೆ 23.976 ಚೌಕಟ್ಟಿನ ಲೆಕ್ಕಕ್ಕೆ ಮಾಡಿದ ಸಬ್‌ಟೈಟಲ್ 24ರ ಚಿತ್ರದಲ್ಲಿ ಎರಡು ಗಂಟೆಗೆ ಸುಮಾರು 7 ಸೆಕೆಂಡ್ ತಪ್ಪುತ್ತದೆ, 25ರ ಚಿತ್ರದಲ್ಲಾದರೆ 5 ನಿಮಿಷ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ವೇಗ ಬದಲಿಸಿಕೊಳ್ಳಬೇಕು.

ಸಬ್‌ಟೈಟಲ್ ಅಕ್ಷರವನ್ನು ಓದಲು ಆಗುವಷ್ಟರಲ್ಲಿ ಅತಿ ಚಿಕ್ಕದಾಗಿ ಇಟ್ಟುಕೊಳ್ಳುತ್ತೇನೆ. ದೊಡ್ಡ ಅಕ್ಷರ ಕಣ್ಣನ್ನು ಕೆಳಗೇ ಕಟ್ಟಿಹಾಕುತ್ತದೆ, ಮುಖ ತಪ್ಪಿಹೋಗುತ್ತದೆ.

ಟಿಪ್ಪಣಿಗೆ ಮೂರು ಕಂಬಸಾಲಿನ ಒಂದು ಹಾಳೆ ಸಾಕು. ಮೊದಲ ಕಂಬಸಾಲಿನಲ್ಲಿ ಗಂಟೆ, ನಿಮಿಷ. ಎರಡನೆಯದರಲ್ಲಿ ಒಂದೇ ಪದ: ನಗು, ಬೇಸರ, ಭಯ, ಗೊಂದಲ. ಮೂರನೆಯದನ್ನು ಸಿನಿಮಾ ಮುಗಿದ ಮೇಲೆ ತುಂಬುವುದು, ಆ ಭಾವನೆ ಬಂದದ್ದು ದೃಶ್ಯದಿಂದಲೋ ಸಬ್‌ಟೈಟಲಿನಿಂದಲೋ ನನಗೆ ಆ ದೇಶದ ವಿಷಯ ಗೊತ್ತಿಲ್ಲದ್ದರಿಂದಲೋ ಎಂದು. ನೋಡುವಾಗ ಇಡೀ ವಾಕ್ಯ ಬರೆಯಲು ಹೋದರೆ ಎರಡು ಸಂಭಾಷಣೆ ಕೈಬಿಟ್ಟಿರುತ್ತವೆ. ನಿಲ್ಲಿಸಿ ಬರೆದರೆ ದೃಶ್ಯದ ಲಯ ಕೆಡುತ್ತದೆ, ಆಮೇಲೆ ‘ಸಿನಿಮಾ ನಿಧಾನ’ ಎಂದು ಬರೆದರೆ ಆ ನಿಧಾನ ನಾವೇ ಮಾಡಿದ್ದು. ಒಂದು ಸಿನಿಮಾಕ್ಕೆ ಹನ್ನೆರಡು ಗುರುತಿಗಿಂತ ಹೆಚ್ಚು ಹಾಕುವುದಿಲ್ಲ. ಎರಡನೇ ನೋಟ ಮೂರರಿಂದ ಏಳು ದಿನದೊಳಗೆ. ಆಗ ಗುರುತು ಹಾಕಿದ ದೃಶ್ಯಗಳನ್ನು ಮಾತ್ರ, ಸಬ್‌ಟೈಟಲ್ ಆರಿಸಿ, ಒಟ್ಟು ಇಪ್ಪತ್ತು ನಿಮಿಷ. ಅದೇ ರಾತ್ರಿ ಮತ್ತೆ ನೋಡಿದರೆ ಮೊದಲ ಅಭಿಪ್ರಾಯವನ್ನೇ ಗಟ್ಟಿ ಮಾಡಿಕೊಂಡ ಹಾಗಾಗುತ್ತದೆ, ಹೊಸದೇನೂ ಕೇಳುವುದಿಲ್ಲ.

ಕ್ರಿಯಾಪದ ಕೊನೆಗೆ ಬರುತ್ತದೆ

ಈ ಒಂದು ವಿಷಯ ತಿಳಿದರೆ ನಟನೆಯ ಬಗೆಗಿನ ಅಭಿಪ್ರಾಯವೇ ಬದಲಾಗುತ್ತದೆ. ‘ನಾನುನ್ ಕು ಸರಾಮುಲ್ ಜುಗಿಜಿ ಆನಸ್ಸೊ.’ ಕನ್ನಡದಲ್ಲಿ ಒಂದೊಂದೇ ಪದ ಇಟ್ಟುಕೊಂಡು ಹೋಗಿ: ನಾನು, ಆ, ಮನುಷ್ಯನನ್ನು, ಕೊಲ್ಲಲಿಲ್ಲ. ‘ಸರಾಮ್’ ಅಂದರೆ ಮನುಷ್ಯ, ಅದಕ್ಕೆ ಅಂಟಿದ ‘ಉಲ್’ ನಮ್ಮ ‘ಅನ್ನು’ ಪ್ರತ್ಯಯದ ಕೆಲಸ ಮಾಡುತ್ತದೆ. ಕೊಂದನೋ ಇಲ್ಲವೋ ಎಂಬುದು ಗೊತ್ತಾಗುವುದು ಕೊನೆಯ ಉಸಿರಿನಲ್ಲಿ. ಇಂಗ್ಲಿಷ್ ವಾಕ್ಯದಲ್ಲಿ ‘ಇಲ್ಲ’ ಎರಡನೇ ಪದಕ್ಕೇ ಬಂದುಬಿಡುತ್ತದೆ. ನಟ ಇನ್ನೂ ‘ಆ ಮನುಷ್ಯನನ್ನು...’ ಎಂದು ತಡೆದು ನಿಂತಿರುವಾಗ ನಾವು ಉತ್ತರ ಓದಿ ಮುಗಿಸಿರುತ್ತೇವೆ. ಆ ತಡೆ ಆಗ ನಾಟಕೀಯವಾಗಿ, ಎಳೆದಂತೆ ಕಾಣುತ್ತದೆ. ಕೊರಿಯನ್ ನಟರು ಅತಿಯಾಗಿ ನಟಿಸುತ್ತಾರೆ ಎಂಬ ದೂರಿಗೆ ಇದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ. ಕಿವಿ ಮಾತಿನ ಮೇಲೆ, ಕಣ್ಣು ಮುಖದ ಮೇಲೆ ಇಟ್ಟು ಸಬ್‌ಟೈಟಲನ್ನು ಅರ್ಧ ಕ್ಷಣ ತಡವಾಗಿ ಓದುವುದನ್ನು ರೂಢಿ ಮಾಡಿಕೊಳ್ಳಬೇಕು. ನಾಲ್ಕೈದು ಸಿನಿಮಾ ಆಗುವಷ್ಟರಲ್ಲಿ ಬರುತ್ತದೆ.

ಇನ್ನೊಂದು ವಿಷಯ. ‘ಬಂದ್ಯಾ?’ ‘ಬಂದೆ’ ಎಂದು ನಾವು ಕರ್ತೃಪದ ಬಿಟ್ಟು ಮಾತಾಡುವ ಹಾಗೆ ಅವರೂ ಬಿಡುತ್ತಾರೆ. ಆದರೆ ಬೇರೊಬ್ಬರ ವಿಷಯ ಹೇಳುವಾಗ ಕನ್ನಡದ ಕ್ರಿಯಾಪದ (ಬಂದ, ಬಂದಳು) ಗಂಡೋ ಹೆಣ್ಣೋ ಹೇಳಿಬಿಡುತ್ತದೆ, ಕೊರಿಯನ್ನಿನದು ಅದನ್ನೂ ಹೇಳುವುದಿಲ್ಲ. ಇಂಗ್ಲಿಷಿಗೆ ಮಾಡುವವರು ಯಾವುದಾದರೊಂದನ್ನು ಆರಿಸಿಕೊಳ್ಳಲೇಬೇಕು. ಪತ್ತೇದಾರಿ ಕಥೆಯಲ್ಲಿ ‘ಅವನು’ ಎಂದು ಸಬ್‌ಟೈಟಲ್ ಹೇಳಿದ ಕೂಡಲೇ ಅನುಮಾನ ಪಕ್ಕಾ ಮಾಡಿಕೊಳ್ಳಬೇಡಿ. ಆಡಿದ ಮಾತಿನಲ್ಲಿ ಆ ‘ಅವನು’ ಇಲ್ಲದೇ ಇರಬಹುದು.

ಮೂರನೆಯದು ಸಂಬೋಧನೆ. ಸಿನಿಮಾ ನೋಡುವುದಕ್ಕೆ ಭಾಷೆ ಪೂರ್ತಿ ಕಲಿಯಬೇಕಿಲ್ಲ, ಸುಮಾರು ಹತ್ತು ಪದ ಕಿವಿಗೆ ಬಿದ್ದರೆ ಸಾಕು. ಅಣ್ಣನನ್ನು ತಮ್ಮ ಕರೆಯುವುದು ‘ಹ್ಯೊಂಗ್’, ತಂಗಿ ಕರೆಯುವುದು ‘ಒಪ್ಪಾ’. ಅಕ್ಕನನ್ನು ತಮ್ಮ ‘ನೂನಾ’ ಎಂದರೆ ತಂಗಿ ‘ಒನ್ನಿ’ ಎನ್ನುತ್ತಾಳೆ. ನಾವು ಗೊತ್ತಿಲ್ಲದ ಆಟೋದವರನ್ನೂ ‘ಅಣ್ಣಾ’ ಎನ್ನುವಂತೆ ಈ ಪದಗಳೂ ಮನೆಯ ಹೊರಗೆ ಓಡಾಡುತ್ತವೆ. ನಡುವಯಸ್ಸಿನ ಗಂಡಸು ‘ಅಜೊಶ್ಶಿ’, ಹೆಂಗಸು ‘ಅಜುಮ್ಮಾ’, ಎರಡನೆಯದನ್ನು ತಪ್ಪಾದವರಿಗೆ ಹೇಳಿದರೆ ಬೈಗುಳದಷ್ಟೇ ಚುಚ್ಚುತ್ತದೆ. ಹೆಸರಿಗೆ ‘ಶ್ಶಿ’ ಸೇರಿದರೆ ಮರ್ಯಾದೆಯ ಅಂತರ, ಹುದ್ದೆಗೆ ‘ನಿಮ್’ ಸೇರಿದರೆ ಇನ್ನೂ ಮೇಲೆ. ಹೆಸರಿನ ಕೊನೆಗೆ ‘ಆ’ ಅಥವಾ ‘ಯಾ’ ಬಂದರೆ ಸಲಿಗೆ. ಎಲ್ಲಕ್ಕಿಂತ ಸುಲಭದ ಗುರುತು ವಾಕ್ಯದ ಕೊನೆಯ ‘ಯೋ’. ಅದಿದ್ದರೆ ‘ನೀವು’ ಮಾತು, ಹೋದರೆ ‘ನೀನು’ ಮಾತು. ಯಾವ ದೃಶ್ಯದಲ್ಲಿ ಯಾರು ‘ಯೋ’ ಬಿಟ್ಟರು ಎಂದು ಬರೆದಿಟ್ಟುಕೊಂಡರೆ ಕಥೆಯ ಅರ್ಧ ಬೆನ್ನೆಲುಬು ಕೈಗೆ ಸಿಕ್ಕಂತೆ. ಇಂಗ್ಲಿಷಿನಲ್ಲಿ ಇದಕ್ಕೆ ಜಾಗವೇ ಇಲ್ಲ.

ಪ್ಯಾರಸೈಟ್

ಬೊಂಗ್ ಜುನ್-ಹೋ ನಿರ್ದೇಶನ, 2019, 132 ನಿಮಿಷ. ಬಡ ಕುಟುಂಬವೊಂದು ಸುಳ್ಳು ಹೇಳಿ ಒಬ್ಬೊಬ್ಬರಾಗಿ ಶ್ರೀಮಂತ ಪಾರ್ಕ್ ಮನೆಯ ಕೆಲಸಕ್ಕೆ ಸೇರುವ ಕಥೆ, ಅಪ್ಪ ಡ್ರೈವರ್, ಅಮ್ಮ ಹೊಸ ಕೆಲಸದಾಕೆ. ಇದನ್ನು ಎರಡನೇ ಸಲ ನೋಡುವಾಗ ಮೂರು ಪದಗಳಿಗೆ ಮಾತ್ರ ಕಿವಿ ಕೊಟ್ಟೆ: ‘ನೆಮ್ಸೆ’ ಅಂದರೆ ವಾಸನೆ, ‘ಸೊನ್’ ಅಂದರೆ ಗೆರೆ, ‘ಕ್ಯೇಹ್ವೆಕ್’ ಅಂದರೆ ಯೋಜನೆ. ಯಜಮಾನ ಪಾರ್ಕ್‌ಗೆ ಡ್ರೈವರ್ ಬಗ್ಗೆ ಇರುವ ತಕರಾರು, ಗೆರೆ ದಾಟುವ ಹಾಗೆ ಮಾಡಿ ದಾಟದೆ ನಿಲ್ಲುತ್ತಾನೆ, ಆದರೆ ಅವನ ವಾಸನೆ ದಾಟಿ ಬರುತ್ತದೆ ಎಂಬುದು. ಆ ಮಾತಿನ ಸಮಯದಲ್ಲಿ ಡ್ರೈವರ್ ಮೇಜಿನ ಕೆಳಗೆ ಮಲಗಿ ಕೇಳಿಸಿಕೊಳ್ಳುತ್ತಿದ್ದಾನೆ. ಮೊದಲ ನೋಟದಲ್ಲಿ ನನ್ನ ಹಾಳೆಯಲ್ಲಿ ಅಲ್ಲಿ ‘ಭಯ’ ಎಂದಿತ್ತು, ಸಿಕ್ಕಿಬೀಳುತ್ತಾರೆಂಬ ಭಯ. ಎರಡನೇ ಸಲ ಅದನ್ನು ಹೊಡೆದು ‘ಅವಮಾನ’ ಎಂದು ಬರೆದೆ. ಆ ಅವಮಾನ ಹೇಗೆ ಬೆಳೆಯುತ್ತದೆ ಎಂಬುದನ್ನು ಒಂದೇ ಪದದ ಪುನರಾವರ್ತನೆಯಿಂದ ಅಳೆಯಬಹುದು.

ಹಳೆಯ ಕೆಲಸದಾಕೆ ನೆಲಮಾಳಿಗೆಯಲ್ಲಿ ಹೊಸ ಕೆಲಸದಾಕೆಯನ್ನು ‘ಒನ್ನಿ’ ಎಂದು ಕರೆದು ಅಂಗಲಾಚುತ್ತಾಳೆ. ಕೈಗೆ ಮೊಬೈಲ್ ವಿಡಿಯೋ ಸಿಕ್ಕ ಕ್ಷಣ ಅವಳ ಮಾತಿನ ಮಟ್ಟವೇ ನೆಲಕ್ಕೆ ಬೀಳುತ್ತದೆ. ಅಕ್ಕ ಎಂದ ಬಾಯಲ್ಲೇ ಬೈಗುಳ. ಬಡವರಿಬ್ಬರ ನಡುವಿನ ಮೇಲು-ಕೀಳು ಇಷ್ಟು ಬೇಗ ಮಗುಚುವುದನ್ನು ಕನ್ನಡ ಕಿವಿ ತಕ್ಷಣ ಹಿಡಿಯುತ್ತದೆ, ‘ಅಕ್ಕಾ’ದಿಂದ ‘ಏನೇ’ಗೆ ಇಳಿದ ಹಾಗೆ.

ಇನ್ನು ಸಬ್‌ಟೈಟಲ್ ಬದಲಿಸಿದ್ದು. ಇಂಗ್ಲಿಷ್ ಸಬ್‌ಟೈಟಲ್ ಮಾಡಿದವರು ಡಾರ್ಸಿ ಪ್ಯಾಕೆಟ್. ನಕಲಿ ಪ್ರಮಾಣಪತ್ರ ನೋಡಿ ಅಪ್ಪ ಹೇಳುವ ಮಾತಿನಲ್ಲಿ ಮೂಲದಲ್ಲಿರುವುದು ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ, ಇಂಗ್ಲಿಷಿನಲ್ಲಿ ಆಕ್ಸ್‌ಫರ್ಡ್. ಮೂಲದ ಕಾಕಾವೋಟಾಕ್ ಇಂಗ್ಲಿಷಿನಲ್ಲಿ ವಾಟ್ಸ್ಆ್ಯಪ್. ಇವೆರಡರಿಂದ ದೊಡ್ಡ ನಷ್ಟವಿಲ್ಲ. ನಷ್ಟವಾದದ್ದು ಅಡುಗೆಯಲ್ಲಿ. ಮೂಲದ ‘ಚಪಗುರಿ’ ಇಂಗ್ಲಿಷಿನಲ್ಲಿ ‘ರಾಮ್-ಡಾನ್’ ಆಯಿತು, ರಾಮೆನ್ ಮತ್ತು ಉದೊನ್ ಸೇರಿಸಿ ಕಟ್ಟಿದ ಪದ. ಚಪಗುರಿ ಎಂದರೆ ಚಪಗೆಟ್ಟಿ ಮತ್ತು ನೊಗುರಿ ಎಂಬ ಎರಡು ಅಗ್ಗದ ಪ್ಯಾಕೆಟ್ ನೂಡಲ್ಸ್ ಬೆರೆಸಿದ್ದು, ಮಕ್ಕಳು ಇಷ್ಟಪಡುವ ತಿಂಡಿ. ಯಜಮಾನತಿ ಅದರ ಮೇಲೆ ‘ಹನು’ ಎಂಬ ದುಬಾರಿ ಕೊರಿಯನ್ ದನದ ಮಾಂಸ ಹಾಕಲು ಫೋನಿನಲ್ಲೇ ಹೇಳುತ್ತಾಳೆ. ಮ್ಯಾಗಿಯ ಮೇಲೆ ಕೇಸರಿ, ಗೋಡಂಬಿ ಉದುರಿಸಿದ ಹಾಗೆ. ಆ ಒಂದು ಬಟ್ಟಲಿನಲ್ಲಿ ಎರಡೂ ವರ್ಗ ಕೂತಿವೆ. ‘ರಾಮ್-ಡಾನ್’ ಎಂದು ಓದಿದವರಿಗೆ ಅದು ಯಾವುದೋ ವಿಶೇಷ ಭಕ್ಷ್ಯ ಎನಿಸಿ ವಿಷಯ ಅಲ್ಲೇ ಮುಗಿಯುತ್ತದೆ.

ಮಾಡಿ ನೋಡುವವರಿಗೆ ಅಳತೆ: ಎರಡೂ ಒಂದೊಂದು ಪ್ಯಾಕೆಟ್, ಒಂದು ಲೀಟರಿಗಿಂತ ತುಸು ಹೆಚ್ಚು ನೀರು. ಒಣ ತರಕಾರಿ ಚೂರುಗಳ ಜೊತೆ ನಾಲ್ಕೂವರೆ ನಿಮಿಷ ಬೇಯಿಸಿ. ನೀರು ಬಸಿಯುವಾಗ ಮುಕ್ಕಾಲು ಲೋಟದಷ್ಟು ಪಾತ್ರೆಯಲ್ಲೇ ಬಿಡಿ. ಚಪಗೆಟ್ಟಿಯ ಕಪ್ಪು ಪುಡಿ ಪೂರ್ತಿ, ನೊಗುರಿಯ ಖಾರದ ಪುಡಿ ಅರ್ಧ ಹಾಕಿ, ಕೊನೆಗೆ ಎಣ್ಣೆಯ ಚಿಕ್ಕ ಪೊಟ್ಟಣ ಹಾಕಿ ಒಂದು ನಿಮಿಷ ಕೈಯಾಡಿಸಿ. ನೊಗುರಿ ಪುಡಿ ಪೂರ್ತಿ ಹಾಕಿದರೆ ಉಪ್ಪಾಗಿ ಬಾಯಿಗಿಡಲು ಆಗುವುದಿಲ್ಲ. ನೀರು ಪೂರ್ತಿ ಬಸಿದರೆ ಕಪ್ಪು ಪುಡಿ ಗಂಟುಕಟ್ಟುತ್ತದೆ. ನೊಗುರಿ ಕಡಲ ಆಹಾರದ ರುಚಿಯದು, ಸಸ್ಯಾಹಾರಿಗಳು ಪ್ಯಾಕೆಟಿನ ಹಿಂಬದಿ ಓದಿಕೊಳ್ಳಿ.

ಆ ಬಡ ಕುಟುಂಬದ ಮನೆಗೆ ‘ಬಂಜಿಹಾ’ ಎಂದು ಹೆಸರು, ಅರ್ಧ ನೆಲದೊಳಗಿನ ಮನೆ. ಶೌಚಾಲಯದ ಆಸನ ಮೆಟ್ಟಿಲು ಹತ್ತಿ ಕೂರುವಷ್ಟು ಎತ್ತರದಲ್ಲಿರುವುದು ತಮಾಷೆಗೆಂದು ಮಾಡಿದ್ದಲ್ಲ. ಮನೆ ಬೀದಿಯ ಮಟ್ಟಕ್ಕಿಂತ ಕೆಳಗಿರುವುದರಿಂದ ಕೊಳಚೆ ಹರಿದುಹೋಗಬೇಕಾದರೆ ಆಸನ ಮೇಲಿರಲೇಬೇಕು. ಮಳೆಯ ರಾತ್ರಿ ಅದೇ ಆಸನದಿಂದ ಕೊಳಚೆ ಉಕ್ಕುವ ದೃಶ್ಯಕ್ಕೆ ಇದೇ ಆಧಾರ. 2022ರ ಆಗಸ್ಟ್ ಮಳೆಯಲ್ಲಿ ಸೋಲ್ ನಗರದ ಇಂಥದೇ ಒಂದು ಮನೆಯಲ್ಲಿ ನೀರು ತುಂಬಿ ಒಂದು ಕುಟುಂಬದವರು ಸತ್ತರು. ಅದು ಗೊತ್ತಾದ ಮೇಲೆ ಆ ಮಳೆಯ ದೃಶ್ಯವನ್ನು ಬರೀ ರೂಪಕ ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

ಬಾಡಿಗೆಯ ಮಾತು ಬಂದಾಗ ಕೊರಿಯನ್ ಸಿನಿಮಾಗಳಲ್ಲಿ ‘ಜೊನ್ಸೆ’ ಎಂಬ ಪದ ಮತ್ತೆ ಮತ್ತೆ ಕೇಳುತ್ತದೆ. ಸಬ್‌ಟೈಟಲ್ ಬರೀ ‘ಠೇವಣಿ’ ಎನ್ನುತ್ತದೆ. ನಮ್ಮ ಬೆಂಗಳೂರಿನಲ್ಲಿ ಭೋಗ್ಯಕ್ಕೆ ಮನೆ ಹಿಡಿಯುತ್ತಾರಲ್ಲ, ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಮೊತ್ತ ವಾಪಸ್ ಪಡೆಯುವುದು, ಅದೇ ಇದು. ಆ ಹಣ ವಾಪಸ್ ಬರದಿದ್ದರೆ ಏನಾಗುತ್ತದೆ ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಡಿಸಿಷನ್ ಟು ಲೀವ್

ಪಾರ್ಕ್ ಚಾನ್-ವೂಕ್, 2022, 138 ನಿಮಿಷ. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂದ ಚಿತ್ರ. ಈ ಆರರಲ್ಲಿ ನನಗೆ ಅತಿ ಹೆಚ್ಚು ದಕ್ಕಿದ್ದು ಇದು, ದಕ್ಕಿದ್ದು ಎರಡನೇ ನೋಟದಲ್ಲೇ. ಮೊದಲ ಸಲ ನನ್ನ ಹಾಳೆಯಲ್ಲಿ ‘ಗೊಂದಲ’ ಐದು ಕಡೆ ಇತ್ತು.

ನಾಯಕಿ ಸೊ-ರೆ ಚೀನಾದಿಂದ ಬಂದವಳು, ಅವಳ ಕೊರಿಯನ್ ಹಳೆಯ ಕಾಲದ ಕಥೆಯ ಧಾರಾವಾಹಿ ನೋಡಿ ಕಲಿತದ್ದು. ಗಂಡ ಬೆಟ್ಟದಿಂದ ಬಿದ್ದು ಸತ್ತಾಗ ಅವಳು ಪೊಲೀಸರೆದುರು, ಬೆಟ್ಟಕ್ಕೆ ಹೋದವನು ಬರದಿದ್ದರೆ ‘ಮಚಿಮ್ನೆ’ ಸತ್ತೇಹೋದನೇನೋ ಎಂದು ಹೆದರುತ್ತಿದ್ದೆ ಎಂಬರ್ಥದ ಮಾತಾಡುತ್ತಾಳೆ. ‘ಮಚಿಮ್ನೆ’ ಎಂದರೆ ‘ಕೊನೆಗೂ’. ಕಾದು ಕಾದು ಒಳ್ಳೆಯದು ಆದಾಗ ಬರುವ ಪದ. ‘ಕೊನೆಗೂ ಮಳೆ ಬಂತು’ ಎನ್ನುತ್ತೇವೆ, ‘ಕೊನೆಗೂ ಗಂಡ ಸತ್ತ’ ಎಂದರೆ ಕೇಳಿದವರು ತಲೆ ಎತ್ತುತ್ತಾರೆ. ಪೊಲೀಸರೂ ಎತ್ತುತ್ತಾರೆ. ಭಾಷೆ ಗೊತ್ತಿಲ್ಲದ ತಪ್ಪೋ ನಿಜ ಬಾಯಿಗೆ ಬಂದದ್ದೋ? ಇಡೀ ಪತ್ತೇದಾರಿಯ ಬೀಜ ಈ ಒಂದು ಅವ್ಯಯದಲ್ಲಿದೆ. ಇಂಗ್ಲಿಷಿನಲ್ಲಿ ಓದುವಾಗ ಸಣ್ಣ ವ್ಯಾಕರಣ ದೋಷದಂತೆ ಜಾರಿಹೋಗುತ್ತದೆ. ಕನ್ನಡದಲ್ಲಿ ಹೇಳಿಕೊಂಡು ನೋಡಿದಾಗ ಬೆನ್ನು ನೆಟ್ಟಗಾಯಿತು.

ಮುಂದೆ ಪತ್ತೇದಾರ ಅವಳಿಗೆ ತಾನು ಪೂರ್ತಿ ‘ಬುಂಗ್ವೆ’ ಆಗಿದ್ದೇನೆ ಎನ್ನುತ್ತಾನೆ. ಚೀನೀ ಮೂಲದ, ಬರಹದ ಭಾಷೆಯ ಪದ, ಕಟ್ಟಡ ಸೇತುವೆ ಕುಸಿದಾಗ ಪತ್ರಿಕೆಯಲ್ಲಿ ಬರುವಂಥದ್ದು. ಅವಳು ಆ ಪದದ ಅರ್ಥ ಹುಡುಕಿ ನೋಡುತ್ತಾಳೆ. ಅಚ್ಚಗನ್ನಡದ ಪಕ್ಕದಲ್ಲಿ ಸಂಸ್ಕೃತ ಪದಗಳ ಪದರ ನಮಗಿರುವ ಹಾಗೆ ಅವರಿಗೆ ಚೀನೀ ಪದಗಳ ಪದರವಿದೆ. ಮನುಷ್ಯನೊಬ್ಬ ‘ನಾನು ಮುರಿದುಹೋದೆ’ ಎನ್ನುವುದಕ್ಕೂ ‘ನನ್ನ ಪತನವಾಯಿತು’ ಎನ್ನುವುದಕ್ಕೂ ಎಷ್ಟು ದೂರ! ಎರಡನೆಯದನ್ನು ಹೇಳುವವನು ಭಾವನೆಯಿಂದ ಒಂದು ಹೆಜ್ಜೆ ಹಿಂದೆ ನಿಂತು ವರದಿ ಬರೆಯುತ್ತಿದ್ದಾನೆ. ಅವಳಿಗೆ ಕೇಳಿಸಿದ್ದು ಮಾತ್ರ ಪ್ರೀತಿಯ ಮಾತು.

ಮೂರನೆಯ ಜೋಡಿ ‘ಶಿಮ್‌ಜಂಗ್’ ಮತ್ತು ‘ಮಾಉಮ್’. ಅವಳು ಬೆಕ್ಕಿನ ಜೊತೆ ಚೀನೀ ಭಾಷೆಯಲ್ಲಿ ಮಾತಾಡಿದ್ದನ್ನು ಅವನು ಫೋನಿನ ಅನುವಾದದಲ್ಲಿ ಕೇಳುತ್ತಾನೆ. ಆ ಒಳ್ಳೆಯ ಪತ್ತೇದಾರನ ‘ಶಿಮ್‌ಜಂಗ್’ ತಂದುಕೊಡು ಎಂದು ಯಂತ್ರ ಹೇಳುತ್ತದೆ. ಅದು ಎದೆಯೊಳಗೆ ಬಡಿಯುವ ಗುಂಡಿಗೆ. ಅವಳು ಕೇಳಿದ್ದು ‘ಮಾಉಮ್’, ಮನಸ್ಸು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ನಡೆಯುತ್ತದೆ, ಹಾಗಾಗಿ ಆ ತಪ್ಪಿನ ಭಯವೂ ಆಮೇಲಿನ ನಾಚಿಕೆಯೂ ಅಲ್ಲಿ ಮಂಕಾಗುತ್ತವೆ. ಗುಂಡಿಗೆ, ಮನಸ್ಸು ಎಂಬ ಎರಡು ಪದ ಬೇರೆಬೇರೆಯಾಗಿ ಇಟ್ಟುಕೊಂಡಿರುವ ಭಾಷೆಯವರು ಈ ದೃಶ್ಯಕ್ಕೆ ಹೇಳಿ ಮಾಡಿಸಿದ ನೋಡುಗರು.

ಮೆಮೊರೀಸ್ ಆಫ್ ಮರ್ಡರ್

ಬೊಂಗ್ ಜುನ್-ಹೋ ಅವರದೇ, 2003. 1986ರಿಂದ 1991ರ ನಡುವೆ ಹ್ವಾಸೊಂಗ್ ಎಂಬಲ್ಲಿ ನಡೆದ ಹತ್ತು ಕೊಲೆಗಳ ಹಿನ್ನೆಲೆ. ಸಿನಿಮಾ ತೆಗೆದಾಗ ಕೊಲೆಗಾರ ಯಾರೆಂದು ಗೊತ್ತಿರಲಿಲ್ಲ. 2019ರಲ್ಲಿ ಡಿಎನ್ಎ ಮೂಲಕ ಗೊತ್ತಾಯಿತು. ಅವನು ಬೇರೆ ಕೊಲೆಗಾಗಿ 1990ರ ದಶಕದಿಂದಲೇ ಜೈಲಿನಲ್ಲಿದ್ದ. ಈ ಪ್ರಕರಣಗಳಲ್ಲಿ ಮೊಕದ್ದಮೆ ಹೂಡುವ ಕಾನೂನಿನ ಅವಧಿ ಅಷ್ಟರಲ್ಲಿ ಮುಗಿದುಹೋಗಿತ್ತು. ಇದಕ್ಕೆ ನನ್ನ ಸಲಹೆ: ಮೊದಲ ಸಲ ಈ ವಿಷಯ ಏನೂ ಓದದೆ ನೋಡಿ. ಕೊನೆಯಲ್ಲಿ ಪತ್ತೇದಾರನ ಪಾತ್ರದ ನಟ ಸೊಂಗ್ ಕಾಂಗ್-ಹೋ ನೇರ ಕ್ಯಾಮೆರಾ ಕಡೆ ತಿರುಗುವ ನೋಟ ಉತ್ತರ ಗೊತ್ತಿಲ್ಲದ ಕಾಲಕ್ಕೆಂದು ಮಾಡಿದ್ದು. ಥಿಯೇಟರಿನಲ್ಲಿ ಕೂತಿರಬಹುದಾದ ಕೊಲೆಗಾರನನ್ನು ಹುಡುಕುವ ನೋಟ ಅದು.

ಎರಡನೇ ಸಲ ಎಲ್ಲ ತಿಳಿದು ನೋಡಿ, ಮೊದಲ ಸಲ ನಕ್ಕ ಜಾಗಗಳ ಗುರುತು ಕೈಯಲ್ಲಿರಲಿ. ಹಳ್ಳಿಯ ಪೊಲೀಸರು ಸಿಕ್ಕಸಿಕ್ಕವರನ್ನು ಹಿಡಿದು ಒದ್ದು, ತಪ್ಪೊಪ್ಪಿಗೆ ಬಾಯಿಪಾಠ ಮಾಡಿಸುವ ಭಾಗ ನಗು ತರಿಸುವ ಹಾಗೇ ತೆಗೆದಿದ್ದಾರೆ. ನಿಜ ಪ್ರಕರಣದಲ್ಲಿ ಒಬ್ಬ ನಿರಪರಾಧಿ ಇಪ್ಪತ್ತು ವರ್ಷದಷ್ಟು ಜೈಲಿನಲ್ಲಿದ್ದು 2020ರ ಡಿಸೆಂಬರಿನಲ್ಲಿ ಖುಲಾಸೆಯಾದ. ಮೊದಲ ಹಾಳೆಯಲ್ಲಿ ನಾಲ್ಕು ‘ನಗು’ ಇದ್ದವು, ಎರಡನೇ ಸಲ ಒಂದೂ ಉಳಿಯಲಿಲ್ಲ. ಇದು ಸಿನಿಮಾದ ದೋಷವಲ್ಲ. ನಗಿಸಿ ನಮ್ಮನ್ನೂ ಆ ಕೋಣೆಯೊಳಗೆ ಕೂರಿಸಿಕೊಳ್ಳುವುದೇ ಅದರ ಕೆಲಸ ಎಂದು ನಾನು ಓದುತ್ತೇನೆ.

ಇನ್ನೊಂದು ಮಾತು, ರೈಲು ಸುರಂಗದ ಬಾಯಲ್ಲಿ, ಮಳೆಯಲ್ಲಿ. ಕೈಗೆ ಸಿಕ್ಕೂ ಸಿಗದ ಶಂಕಿತನ ಮುಖ ಹಿಡಿದು ನೋಡಿ ಸೊಂಗ್ ಕಾಂಗ್-ಹೋ ಕೇಳುವುದು ‘ಬಾಬುನ್ ಮೊಕ್ಕೊ ತನಿನ್ಯಾ?’ ಊಟಗೀಟ ಮಾಡ್ಕೊಂಡು ಇದೀಯೇನೋ ಎಂದು. ಆ ಮಾತು ನಟ ಅಲ್ಲೇ ಸೇರಿಸಿದ್ದು, ಚಿತ್ರಕಥೆಯಲ್ಲಿ ಇರಲಿಲ್ಲ. ‘ಬಾಪ್ ಮೊಗೊಸ್ಸೊ’, ಊಟ ಆಯ್ತಾ, ಎಂಬುದು ಕೊರಿಯಾದಲ್ಲೂ ದಿನನಿತ್ಯದ ಕುಶಲಪ್ರಶ್ನೆ. ಇದನ್ನು ಇಂಗ್ಲಿಷಿಗೆ ಹೇಗೆ ಮಾಡಿದರೂ ವಿಚಿತ್ರವಾಗುತ್ತದೆ. ದ್ವೇಷ, ಸುಸ್ತು, ಇವನೂ ಮನುಷ್ಯನೇ ಎಂಬ ಹೇಸಿಗೆ, ಮೂರನ್ನೂ ಹೊತ್ತ ‘ಊಟ ಆಯ್ತಾ’ ಕನ್ನಡದವರಿಗೆ ವಿವರಣೆ ಇಲ್ಲದೆ ಅರ್ಥವಾಗುತ್ತದೆ.

ತಾರೀಕು ಮೊದಲೇ ತಿಳಿದಿರಬೇಕಾದ ಸಿನಿಮಾ

ಕಿಮ್ ಬೊ-ರಾ ಅವರ ‘ಹೌಸ್ ಆಫ್ ಹಮ್ಮಿಂಗ್‌ಬರ್ಡ್’ ವಿಷಯದಲ್ಲಿ ನನ್ನ ಸಲಹೆ ಉಲ್ಟಾ. 1994ರ ಸೋಲ್, ನಮ್ಮ ಎಂಟನೇ ತರಗತಿಗೆ ಸಮನಾದ ತರಗತಿಯ ಹುಡುಗಿ ಉನ್-ಹೀ, ಅಕ್ಕಿ ಕಡುಬಿನ ಅಂಗಡಿ ನಡೆಸುವ ಮನೆ. ತಪ್ಪು ಮಹಡಿಯ ಬಾಗಿಲು ಬಡಿದು ಅಮ್ಮನನ್ನು ಕೂಗುವ ದೃಶ್ಯದಿಂದ ಶುರು. ಬಹಳ ಹೊತ್ತು ‘ಏನೂ ಆಗುವುದಿಲ್ಲ’. ನನ್ನ ಹಾಳೆಯಲ್ಲಿ ಮೂರು ‘ಬೇಸರ’. ಅದು ನನಗೆ ಗೊತ್ತಿಲ್ಲದ್ದರಿಂದ ಬಂದ ಬೇಸರ. 1994ರ ಅಕ್ಟೋಬರ್ 21ರ ಬೆಳಿಗ್ಗೆ ಹಾನ್ ನದಿಯ ಸೊಂಗ್ಸು ಸೇತುವೆಯ ಒಂದು ಭಾಗ ಕುಸಿದು 32 ಜನ ಸತ್ತರು, ಶಾಲೆಗೆ ಹೊರಟಿದ್ದ ಹುಡುಗಿಯರೂ ಅವರಲ್ಲಿದ್ದರು. ಕೊರಿಯನ್ ನೋಡುಗರಿಗೆ ಪರದೆಯ ಮೇಲೆ ‘1994’ ಕಂಡ ಕೂಡಲೇ ಆ ಸೇತುವೆ ನೆನಪಾಗುತ್ತದೆ, ಅಕ್ಕ ಬಸ್ಸಿನಲ್ಲಿ ನದಿ ದಾಟಿ ಶಾಲೆಗೆ ಹೋಗುವ ಮಾತು ಬಂದಾಗಲೆಲ್ಲ ಉಸಿರು ಬಿಗಿಯಾಗುತ್ತದೆ. ನಮಗೆ ಆ ಬಿಗಿ ಇಲ್ಲದಿದ್ದರೆ ಸಿನಿಮಾದ ಅರ್ಧ ಸಿಗುವುದಿಲ್ಲ.

ಹೀಗಾಗಿ ಹಾಳೆಯ ಮೇಲ್ತುದಿಯಲ್ಲಿ ಕೆಲವು ವರ್ಷ ಬರೆದಿಟ್ಟುಕೊಂಡೇ ಕೂರುತ್ತೇನೆ: 1910–45 ಜಪಾನಿನ ಆಳ್ವಿಕೆ, 1950–53 ಯುದ್ಧ, 1979 ಅಕ್ಟೋಬರ್ 26 ಅಧ್ಯಕ್ಷ ಪಾರ್ಕ್ ಚುಂಗ್-ಹೀ ಹತ್ಯೆ, ಅದೇ ಡಿಸೆಂಬರ್ 12 ಸೇನಾ ದಂಗೆ, 1980 ಮೇ ಗ್ವಾಂಗ್ಜು ನಗರದ ಜನದಂಗೆ ಮತ್ತು ಸೇನೆ ನಡೆಸಿದ ಹತ್ಯಾಕಾಂಡ, 1987 ಜೂನ್ ಪ್ರಜಾಪ್ರಭುತ್ವ ಚಳವಳಿ, 1997 ಐಎಂಎಫ್ ಸಾಲ ಪಡೆಯಬೇಕಾಗಿ ಬಂದ ಆರ್ಥಿಕ ಬಿಕ್ಕಟ್ಟು, 2014 ಏಪ್ರಿಲ್ 16 ಸೆವೊಲ್ ಹಡಗು ಮುಳುಗಡೆ. ವಯಸ್ಸಿನ ಲೆಕ್ಕವೂ ಬೇರೆ ಇತ್ತು. ಹುಟ್ಟಿದಾಗಲೇ ಒಂದು, ಪ್ರತಿ ಜನವರಿ 1ಕ್ಕೆ ಇನ್ನೊಂದು. ಸರ್ಕಾರಿ ಲೆಕ್ಕದಲ್ಲಿ ಅದನ್ನು 2023ರ ಜೂನ್‌ನಲ್ಲಿ ಕೈಬಿಟ್ಟರು. ಹಳೆಯ ಸಿನಿಮಾದಲ್ಲಿ ಬಾಯಲ್ಲಿ ಹೇಳಿದ ವಯಸ್ಸೂ ಸಬ್‌ಟೈಟಲಿನ ವಯಸ್ಸೂ ಒಂದೆರಡು ವರ್ಷ ತಾಳೆಯಾಗದಿದ್ದರೆ ಕಾರಣ ಇದು.

ಇದೇ ಪಟ್ಟಿ ಲೀ ಚಾಂಗ್-ಡೊಂಗ್ ಅವರ ‘ಪೆಪ್ಪರ್‌ಮಿಂಟ್ ಕ್ಯಾಂಡಿ’ಗೆ ಬೀಗದ ಕೈ. 2000ದ ಜನವರಿ 1ರಂದು ಕೊರಿಯಾದಲ್ಲಿ ತೆರೆ ಕಂಡ ಚಿತ್ರ, ಏಳು ಅಧ್ಯಾಯ, ಹಿಂದಕ್ಕೆ ಹೋಗುವ ಕಾಲ: 1999ರ ವಸಂತ, ಅದಕ್ಕೆ ಮೂರು ದಿನ ಮುಂಚೆ, 1994 ಬೇಸಿಗೆ, 1987 ಏಪ್ರಿಲ್, 1984 ಶರತ್ಕಾಲ, 1980 ಮೇ, 1979 ಶರತ್ಕಾಲ. ಅಧ್ಯಾಯಗಳ ನಡುವೆ ಓಡುವ ರೈಲಿನ ಹಿಂಬದಿಯಿಂದ ತೆಗೆದು ತಿರುಗುಮುರುಗು ಮಾಡಿದ ದೃಶ್ಯವಿದೆ. ಪಕ್ಕದ ರಸ್ತೆ ನೋಡಿ, ವಾಹನಗಳೂ ಮನುಷ್ಯರೂ ಹಿಂದಕ್ಕೆ ಚಲಿಸುತ್ತಾರೆ. ಮೊದಲ ಅರ್ಧದಲ್ಲಿ ಈ ನಾಯಕ ಅಸಹ್ಯ ಹುಟ್ಟಿಸುತ್ತಾನೆ, ಹುಟ್ಟಿಸಲಿ, ಆ ಅಸಹ್ಯವನ್ನು ಹಾಳೆಯಲ್ಲಿ ಬರೆಯಿರಿ. ಆಗಾಗ ಅವನ ಒಂದು ಕಾಲು ಕುಂಟುವುದನ್ನೂ ಸಮಯ ಸಹಿತ ಬರೆದುಕೊಳ್ಳಿ, ಕಾರಣ 1980ರ ಮೇ ತಿಂಗಳಲ್ಲಿ ಸಿಗುತ್ತದೆ. ಒಂದು ವಾರ ಬಿಟ್ಟು ಅಧ್ಯಾಯಗಳನ್ನು ಏಳರಿಂದ ಒಂದಕ್ಕೆ, ಅಂದರೆ ಕಾಲಕ್ರಮದಲ್ಲಿ ನೋಡಿ. ಆ ಕ್ರಮದಲ್ಲಿ ಸಿನಿಮಾ ತೀರಾ ಸಾಧಾರಣ ದುಃಖಕಥೆ ಆಗುತ್ತದೆ. ಹಿಂದಕ್ಕೆ ಕಟ್ಟಿದ್ದರಿಂದ ಏನು ದಕ್ಕಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಮೊದಲ ಸಲವೇ ಹಾಗೆ ನೋಡಿದರೆ ಮಾತ್ರ ಪೂರ್ತಿ ಕೆಟ್ಟಂತೆ.

ಎಕ್ಸ್‌ಹ್ಯೂಮಾ

ಜಾಂಗ್ ಜೆ-ಹ್ಯೂನ್, 2024. ಕೊರಿಯಾದಲ್ಲಿ ಒಂದು ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದ ಚಿತ್ರ. ಅಲ್ಲಿ ಸಿನಿಮಾದ ಗೆಲುವನ್ನು ಹಣಕ್ಕಿಂತ ಹೆಚ್ಚಾಗಿ ತಲೆಯ ಲೆಕ್ಕದಲ್ಲಿ ಹೇಳುತ್ತಾರೆ. ದೈವ ಮೈಮೇಲೆ ಬರುವ ‘ಮುದಂಗ್’ ಹೆಂಗಸು, ಅವಳ ಶಿಷ್ಯ, ನೆಲ ನೋಡುವ ‘ಪುಂಗ್ಸು’ ಪಂಡಿತ, ಶವಸಂಸ್ಕಾರದವನು, ನಾಲ್ವರು ಸೇರಿ ಶ್ರೀಮಂತ ಕುಟುಂಬದ ಹಳೆಯ ಗೋರಿ ಅಗೆಯುತ್ತಾರೆ. ನೆಲವನ್ನೋ ಮರವನ್ನೋ ಕೆಣಕಿದ್ದಕ್ಕೆ ತಟ್ಟುವ ಕೇಡಿಗೆ ‘ದೊಂಗ್‌ತಿ’ ಎಂಬ ಪದವಿದೆ. ನಾಗಬನಕ್ಕೆ ಕೊಡಲಿ ಹಾಕಲು ಹೆದರುವ ತುಳುನಾಡಿನವರಿಗೆ ಇದರ ವಿವರಣೆ ಬೇಡ.

ಮೊದಲಾರ್ಧ ಎಲ್ಲರಿಗೂ ಹಿಡಿಸುತ್ತದೆ. ದ್ವಿತೀಯಾರ್ಧದಲ್ಲಿ ಜಪಾನಿ ಸಮುರಾಯ್ ಯೋಧನ ದೈತ್ಯರೂಪ ಬಂದಾಗ ಸಿನಿಮಾ ಹಳಿ ತಪ್ಪಿತು ಎಂದು ಹೊರಗಿನವರಿಗೆ ಅನಿಸುವುದು ಸಹಜ, ನನ್ನ ಹಾಳೆಯಲ್ಲೂ ಅಲ್ಲಿ ‘ಗೊಂದಲ’. ಮೂರನೇ ಕಂಬಸಾಲು ತುಂಬುವಾಗ ತಿಳಿದದ್ದು: ವಸಾಹತು ಕಾಲದಲ್ಲಿ ಜಪಾನಿನವರು ಬೆಟ್ಟಗಳಿಗೆ ಕಬ್ಬಿಣದ ಗೂಟ ಹೊಡೆದು ದೇಶದ ಪ್ರಾಣಶಕ್ತಿ ಕಡಿದರು ಎಂಬ ನಂಬಿಕೆ ಕೊರಿಯಾದಲ್ಲಿ ಹಳೆಯದು, 1990ರ ದಶಕದಲ್ಲಿ ಸರ್ಕಾರವೇ ಗೂಟ ಕೀಳಿಸುವ ಕೆಲಸಕ್ಕೆ ಇಳಿದಿತ್ತು. ಅವುಗಳಲ್ಲಿ ಎಷ್ಟೋ ಬರೀ ಭೂಮಾಪನದ ಗುರುತು ಎನ್ನುವ ಇತಿಹಾಸಕಾರರೂ ಇದ್ದಾರೆ. ಪಾತ್ರಗಳ ಹೆಸರು ಸ್ವಾತಂತ್ರ್ಯ ಹೋರಾಟಗಾರರದು. ಶಿಷ್ಯನ ಹೆಸರು ಯೂನ್ ಬೊಂಗ್-ಗಿಲ್, 1932ರಲ್ಲಿ ಶಾಂಘೈನಲ್ಲಿ ಬಾಂಬ್ ಎಸೆದವನ ಹೆಸರು. ಕಾರುಗಳ ನಂಬರ್ ಪ್ಲೇಟಿನಲ್ಲಿ 0301, 0815, 1945 ಇವೆ: ಮಾರ್ಚ್ 1 1919ರ ಚಳವಳಿಯ ದಿನ, ಆಗಸ್ಟ್ 15 ಬಿಡುಗಡೆಯ ದಿನ, ವರ್ಷ 1945. ಇಷ್ಟು ತಿಳಿದು ನೋಡಿದಾಗ ಹಳಿ ತಪ್ಪಿದ್ದು ಕಥೆಯಲ್ಲ ಎಂದು ಒಪ್ಪಿದೆ. ಆದರೂ ಆ ದೈತ್ಯನನ್ನು ಅಷ್ಟು ಹೊತ್ತು, ಅಷ್ಟು ಬೆಳಕಿನಲ್ಲಿ ತೋರಿಸಿದ್ದು ಭಯವನ್ನು ತೆಳುಮಾಡಿತು ಎಂಬ ಅಭಿಪ್ರಾಯ ಎರಡನೇ ನೋಟದಲ್ಲೂ ಉಳಿಯಿತು. ಉಳಿದದ್ದರಿಂದ ಮೂರನೇ ಕಂಬಸಾಲಿನಲ್ಲಿ ಅದು ಸಿನಿಮಾದಿಂದಲೇ ಬಂದದ್ದು ಎಂದು ಬರೆದೆ.

ಹಳೆಯದರಿಂದ ಶುರು ಮಾಡುವವರಿಗೆ ಕೊರಿಯನ್ ಚಲನಚಿತ್ರ ಸಂಗ್ರಹಾಲಯದ ಯೂಟ್ಯೂಬ್ ವಾಹಿನಿಯಲ್ಲಿ ಹಳೆಯ ಚಿತ್ರಗಳು ಇಂಗ್ಲಿಷ್ ಸಬ್‌ಟೈಟಲ್ ಸಹಿತ ಉಚಿತವಾಗಿ ಸಿಗುತ್ತವೆ. ಕಿಮ್ ಕಿ-ಯಂಗ್ ಅವರ 1960ರ ‘ದಿ ಹೌಸ್‌ಮೇಡ್’ ಅಲ್ಲಿದೆ. ‘ಪ್ಯಾರಸೈಟ್’ನ ಮೆಟ್ಟಿಲುಗಳು ಎಲ್ಲಿಂದ ಬಂದವು ಎಂದು ಅದರ ಮೆಟ್ಟಿಲು ನೋಡಿದರೆ ತಿಳಿಯುತ್ತದೆ. ನಡುವೆ ಚಿತ್ರದ ಗುಣಮಟ್ಟ ಇದ್ದಕ್ಕಿದ್ದಂತೆ ಇಳಿದರೆ ಇಂಟರ್ನೆಟ್ಟನ್ನು ಅನುಮಾನಿಸಬೇಡಿ. ಮೂಲ ನೆಗೆಟಿವಿನಲ್ಲಿ ಕೆಲವು ರೀಲು ಕಳೆದುಹೋಗಿದ್ದವು, ಕೈಬರಹದ ಇಂಗ್ಲಿಷ್ ಸಬ್‌ಟೈಟಲ್ ಇದ್ದ ಬೇರೊಂದು ಪ್ರತಿಯಿಂದ ಅವನ್ನು ತುಂಬಿ, ಆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದಾರೆ. ಆ ಭಾಗಗಳಲ್ಲಿ ಪರದೆಯ ಕೆಳಗೆ ಕಣ್ಣಿಟ್ಟರೆ ಅಳಿಸಿದ ಕಲೆ ಅಲ್ಲಲ್ಲಿ ಕಾಣುತ್ತದೆ.